417 ರೂಪಾಯಿ 60 ಪೈಸೆ: ಕರ್ನಾಟಕದ ಗಾರ್ಮೆಂಟ್ಸ್ ತುಟ್ಟಿಭತ್ಯೆ ಪ್ರಕರಣ

2020ರ ಏಪ್ರಿಲ್ 1ರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಸಂಬಳಕ್ಕೆ ತಿಂಗಳಿಗೆ 417 ರೂಪಾಯಿ 60 ಪೈಸೆ ಸೇರಬೇಕಿತ್ತು. ಯಾರೂ ಮುಷ್ಕರ ಹೂಡಿ ಗೆದ್ದ ಹೆಚ್ಚಳ ಇದಲ್ಲ. ಬೆಲೆ ಏರಿದಷ್ಟಕ್ಕೆ ಕನಿಷ್ಠ ವೇತನದ ಜೊತೆ ತಾನಾಗಿಯೇ ಕೂಡಬೇಕಾದ ವ್ಯತ್ಯಸ್ಥ ತುಟ್ಟಿಭತ್ಯೆ. ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ, ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ, ಇದು ಸುಮಾರು ಎರಡು ವರ್ಷ ಕೈಗೆ ಬರಲಿಲ್ಲ. ಕಾರ್ಮಿಕರಲ್ಲಿ ಬಹುಪಾಲು ಹೆಂಗಸರು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯಿಂದ ಹಿಡಿದು ರಾಮನಗರ, ಮದ್ದೂರು, ದೊಡ್ಡಬಳ್ಳಾಪುರದವರೆಗೆ ಹರಡಿರುವ ಕಾರ್ಖಾನೆಗಳಲ್ಲಿ ಹೊರದೇಶದ ದೊಡ್ಡ ದೊಡ್ಡ ಬ್ರ್ಯಾಂಡ್‌ಗಳಿಗೆ ಬಟ್ಟೆ ಹೊಲಿಯುವವರು.

ಕನಿಷ್ಠ ವೇತನ ಎಂಬ ವ್ಯವಸ್ಥೆ ಯಾವ ಹಂತದಲ್ಲಿ ಜಾರುತ್ತದೆ, ಜಾರಿದ್ದನ್ನು ಹಿಡಿಯಲು ಏನು ಬೇಕು, ಬಸ್ಸು, ಪಡಿತರ, ಅಂಗನವಾಡಿಯಂಥ ಸಾರ್ವಜನಿಕ ಸೇವೆ ಅದಕ್ಕೆ ಎಷ್ಟು ಆಸರೆಯಾಗುತ್ತದೆ ಎಂಬುದನ್ನು ಈ ಒಂದು ಪ್ರಕರಣದಲ್ಲಿ ಬಿಡಿಬಿಡಿಯಾಗಿ ನೋಡಬಹುದು.

ಮೊತ್ತ ಬಂದ ಬಗೆ

ರಾಜ್ಯದಲ್ಲಿ ಗಾರ್ಮೆಂಟ್ಸ್ ಕೆಲಸ ಕನಿಷ್ಠ ವೇತನ ಕಾಯ್ದೆ 1948ರ ಅನುಸೂಚಿಯಲ್ಲಿ ‘ಟೈಲರಿಂಗ್ ಉದ್ಯಮ’ ಎಂಬ ಹೆಸರಿನಡಿ ಬರುತ್ತಿತ್ತು. ವೇತನಕ್ಕೆ ಎರಡು ಭಾಗ. ಮೊದಲನೆಯದು ಮೂಲ ದರ. ವಲಯ ಮತ್ತು ಕುಶಲತೆ ನೋಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಇದನ್ನು ನಿಗದಿ ಮಾಡುತ್ತದೆ. ಐದು ವರ್ಷ ಮೀರದಂತೆ ಪರಿಷ್ಕರಿಸಬೇಕು. ಎರಡನೆಯದು ತುಟ್ಟಿಭತ್ಯೆ. ಹಿಂದಿನ ಕ್ಯಾಲೆಂಡರ್ ವರ್ಷದ ಸರಾಸರಿ ಗ್ರಾಹಕ ಬೆಲೆ ಸೂಚ್ಯಂಕ ಎಷ್ಟು ಅಂಶ ಏರಿದೆ ನೋಡಿ, ಪ್ರತಿ ಅಂಶಕ್ಕೆ ದಿನಕ್ಕೆ 4 ಪೈಸೆಯಂತೆ ಏಪ್ರಿಲ್ 1ರಿಂದ ಸೇರಿಸುತ್ತಾರೆ. 2020ರ ಲೆಕ್ಕಕ್ಕೆ ಏರಿಕೆ 348 ಅಂಶ. 348 ಅಂಶ, 4 ಪೈಸೆ, 30 ದಿನ: ಗುಣಿಸಿದರೆ 417.60. ಹೆಲ್ಪರ್‌ಗೂ ಅಷ್ಟೇ, ಟೈಲರ್‌ಗೂ ಅಷ್ಟೇ. ಬೆಂಗಳೂರಿಗೂ ಮದ್ದೂರಿಗೂ ಒಂದೇ.

ಪೈಸೆಯ ದರ ಸ್ಥಿರವಾಗಿರುವುದರಿಂದ ಎರಡು ಪರಿಣಾಮ. ಸಂಬಳ ಕಡಿಮೆ ಇದ್ದವರಿಗೆ ಬೆಲೆ ಏರಿಕೆಯ ಭಾರ ಹೆಚ್ಚು ಮಟ್ಟಿಗೆ ಇಳಿಯುತ್ತದೆ, ಸ್ವಲ್ಪ ಮೇಲಿದ್ದವರಿಗೆ ಅಷ್ಟು ಇಳಿಯುವುದಿಲ್ಲ. ಮೂಲ ದರದ ಪರಿಷ್ಕರಣೆ ತಡವಾದಷ್ಟೂ ಹೆಲ್ಪರ್ ಮತ್ತು ಹತ್ತು ವರ್ಷ ಅನುಭವವಿರುವ ಟೈಲರ್ ನಡುವಿನ ಅಂತರ ಶೇಕಡಾವಾರು ಲೆಕ್ಕದಲ್ಲಿ ಸವೆಯುತ್ತಾ ಹೋಗುತ್ತದೆ. ‘ಹಳಬರಿಗೂ ಹೊಸಬರಿಗೂ ಒಂದೇ ಸಂಬಳ’ ಎಂದು ಲೈನ್‌ಗಳಲ್ಲಿ, ಅಂದರೆ ಹೊಲಿಗೆಯ ಸಾಲುಗಳಲ್ಲಿ, ಕೇಳಿಬರುವ ದೂರಿನ ಬೇರು ಇರುವುದು ಇಲ್ಲಿ.

ಆಗ ಬೆಂಗಳೂರಿನಲ್ಲೂ ಟೈಲರ್‌ಗಳ ಕನಿಷ್ಠ ವೇತನ ತಿಂಗಳಿಗೆ ಹತ್ತು ಸಾವಿರದೊಳಗೇ ಇತ್ತು. ಅಂಥ ಸಂಬಳದಲ್ಲಿ 417 ರೂಪಾಯಿ ಎಂದರೆ ಒಂದು ಅಡುಗೆ ಅನಿಲದ ಸಿಲಿಂಡರಿನ ಅರ್ಧ ಬೆಲೆಗೆ ಮಿಗಿಲು.

ತಡೆದದ್ದು ಹೇಗೆ

2020ರ ಜುಲೈನಲ್ಲಿ, ಲಾಕ್‌ಡೌನ್‌ನಿಂದ ಉದ್ಯಮ ಸೊರಗಿದೆ ಎಂಬ ಮನವಿಯ ಮೇಲೆ, ರಾಜ್ಯ ಸರ್ಕಾರ ಆ ವರ್ಷದ ತುಟ್ಟಿಭತ್ಯೆ ಪಾವತಿಯನ್ನು 2021ರ ಮಾರ್ಚ್ ಕೊನೆಯವರೆಗೆ ಮುಂದೂಡುವ ಆದೇಶ ಹೊರಡಿಸಿತು. ಕಾರ್ಮಿಕ ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿದವು. ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ, ಆ ಆದೇಶ ಏನೇ ಹೇಳಲಿ, ಬಾಕಿ ಸಮೇತ ಕನಿಷ್ಠ ವೇತನ ಕೊಡಬೇಕು ಎಂದಿತು. ಕಾನೂನಿನ ಮಟ್ಟದಲ್ಲಿ ವಿವಾದ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ಕಾರ್ಖಾನೆಗಳು 2021ರ ಏಪ್ರಿಲ್‌ನ ಹೊಸ ತುಟ್ಟಿಭತ್ಯೆಯನ್ನು ಸೇರಿಸಿದವು, 2020ರದ್ದನ್ನು ಕೈಬಿಟ್ಟವು. ಸಂಬಳ ಚೀಟಿಯಲ್ಲಿ ‘ಹೆಚ್ಚಾಗಿದೆ’ ಎಂಬುದು ಕಾಣುತ್ತದೆ, ಯಾವುದು ಬಿಟ್ಟುಹೋಗಿದೆ ಎಂಬುದು ಕಾಣುವುದಿಲ್ಲ. ತುಟ್ಟಿಭತ್ಯೆ ಮೆಟ್ಟಿಲಿನ ಮೇಲೆ ಮೆಟ್ಟಿಲು ಕಟ್ಟಿದಂತೆ ಕೂಡುತ್ತಾ ಹೋಗುವಂಥದ್ದು. ನಡುವಿನ ಒಂದನ್ನು ತೆಗೆದರೆ ಮೇಲಿನವೆಲ್ಲ ಅಷ್ಟೇ ಕೆಳಗೆ ಕೂರುತ್ತವೆ, ಮುಂದಿನ ಪ್ರತಿ ತಿಂಗಳೂ.

ಒಬ್ಬ ಕಾರ್ಮಿಕಳ ಲೆಕ್ಕವನ್ನೇ ತೆಗೆದುಕೊಳ್ಳೋಣ. 2020ರ ಏಪ್ರಿಲ್‌ನಿಂದ 2021ರ ಡಿಸೆಂಬರ್‌ವರೆಗೆ 21 ತಿಂಗಳು. 21 × 417.60 = 8,769.60 ರೂಪಾಯಿ. ಅಂದರೆ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ. ಆದರೆ ನಷ್ಟ ಅಷ್ಟಕ್ಕೇ ನಿಲ್ಲದು, ಏಕೆಂದರೆ ಉಳಿದೆಲ್ಲ ಲೆಕ್ಕ ಕನಿಷ್ಠ ವೇತನದ ಮೇಲೆಯೇ ನಿಂತಿದೆ:

ಭವಿಷ್ಯ ನಿಧಿಗೆ (ಪಿಎಫ್) ಮಾಲೀಕರ ಪಾಲು ಶೇ 12, ಅಂದರೆ ತಿಂಗಳಿಗೆ 50 ರೂಪಾಯಿ 11 ಪೈಸೆ ಖಾತೆಗೆ ಬೀಳಲಿಲ್ಲ.
ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಮಾಡಿದ ಪ್ರತಿ ಗಂಟೆಗೆ ದುಪ್ಪಟ್ಟು ದರ ಕೊಡಬೇಕು. 417.60ನ್ನು 26 ದಿನ, 8 ಗಂಟೆಗೆ ಭಾಗಿಸಿ ಎರಡರಿಂದ ಗುಣಿಸಿದರೆ ಗಂಟೆಗೆ 4 ರೂಪಾಯಿ ಕಡಿಮೆ.
ಕನಿಷ್ಠ ಬೋನಸ್ ಶೇ 8.33, ವರ್ಷಕ್ಕೆ 417 ರೂಪಾಯಿ ಕಡಿಮೆ.
ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ, ಸೇವೆಯ ಪ್ರತಿ ವರ್ಷಕ್ಕೆ ಕೊನೆಯ ತಿಂಗಳ ಸಂಬಳದ 15/26 ಭಾಗ. ಹಾಗಾಗಿ ಸೇವೆಯ ಪ್ರತಿ ವರ್ಷಕ್ಕೆ 240 ರೂಪಾಯಿ 92 ಪೈಸೆ ಕಡಿಮೆ. ಹನ್ನೆರಡು ವರ್ಷ ದುಡಿದು 2021ರಲ್ಲಿ ಕೆಲಸ ಬಿಟ್ಟವರಿಗೆ ಇದೊಂದರಲ್ಲೇ 2,891 ರೂಪಾಯಿ ಹೋಯಿತು.

ಕಡೆಯ ಬಾಬ್ತನ್ನು ಬಾಕಿ ಲೆಕ್ಕ ಹಾಕುವಾಗ ಮರೆಯುವವರೇ ಹೆಚ್ಚು. ಸಂಬಳದ ಬಾಕಿ ಬಂದ ಮೇಲೆ ಗ್ರಾಚ್ಯುಟಿ, ಬೋನಸ್, ಓಟಿಗಳ ವ್ಯತ್ಯಾಸ ಬಂದಿದೆಯೇ ಎಂದು ಒಂದೊಂದಾಗಿ ನೋಡಬೇಕು.

ಕಾರ್ಖಾನೆಯ ಕಡೆಯ ಲೆಕ್ಕವೂ ಇರಲಿ. 50 ಜನರ ಒಂದು ಲೈನ್ ದಿನಕ್ಕೆ 500 ಶರ್ಟ್ ಇಳಿಸುತ್ತದೆ ಎಂದಿಟ್ಟುಕೊಂಡರೆ, ತಲೆಗೆ ದಿನಕ್ಕೆ 16 ರೂಪಾಯಿಯಂತೆ ಶರ್ಟಿಗೆ ಬೀಳುವ ಹೆಚ್ಚುವರಿ ವೆಚ್ಚ 1 ರೂಪಾಯಿ 60 ಪೈಸೆಯ ಸುತ್ತಮುತ್ತ. ನಾಲ್ಕು ಲಕ್ಷ ಜನರಿಗೆ ಒಟ್ಟು ಮಾಡಿದರೆ ತಿಂಗಳಿಗೆ 16.7 ಕೋಟಿ, 21 ತಿಂಗಳಿಗೆ 350 ಕೋಟಿ. ಬಿಡಿಯಾಗಿ ನೋಡಿದರೆ ಚಿಲ್ಲರೆ, ಒಟ್ಟಾರೆ ನೋಡಿದರೆ ದೊಡ್ಡ ಮೊತ್ತ. ಕೂಲಿ ಕಳವು ಎಲ್ಲ ಕಡೆ ನಡೆಯುವುದು ಹೀಗೆಯೇ: ಒಬ್ಬಳು ವಕೀಲರನ್ನು ಹಿಡಿಯುವಷ್ಟು ದೊಡ್ಡ ಮೊತ್ತ ಅದಾಗಿರುವುದಿಲ್ಲ.

ದೂರಿನ ದಾರಿ ಏಕೆ ಸಾಗಲಿಲ್ಲ

ಕಾಯ್ದೆಯಲ್ಲಿ ದಾರಿ ಇತ್ತು. ಸೆಕ್ಷನ್ 20ರಡಿ ಕಾರ್ಮಿಕ ಇಲಾಖೆಯ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಕಾರ್ಮಿಕಳೇ ಹಾಕಬಹುದು, ಇಲ್ಲವೇ ಸಂಘದ ಪದಾಧಿಕಾರಿ, ವಕೀಲ, ಇನ್‌ಸ್ಪೆಕ್ಟರ್ ಹಾಕಬಹುದು. ಸೆಕ್ಷನ್ 21ರಂತೆ ಹಲವರ ಪರವಾಗಿ ಒಂದೇ ಅರ್ಜಿ ಸಾಕು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಪ್ರಾಧಿಕಾರಕ್ಕಿತ್ತು.

ತೊಡಕು ಮೂರು ಕಡೆ. ಅರ್ಜಿಗೆ ಆರು ತಿಂಗಳ ಗಡುವು; ತಡಕ್ಕೆ ಸಕಾರಣ ಕೊಟ್ಟರೆ ಮನ್ನಿಸಬಹುದಾದರೂ ಅದು ಇನ್ನೊಂದು ವಾದ. ಮುಂದೂಡಿಕೆ ಆದೇಶ ಜಾರಿಯಲ್ಲಿದ್ದ ಹೊತ್ತಿನಲ್ಲಿ ‘ಕಾದು ನೋಡೋಣ’ ಎಂದವರ ಮೊದಲ ತಿಂಗಳುಗಳು ಆ ಗಡುವಿನ ಹೊರಗೆ ಜಾರಿದವು. ಎರಡನೆಯದು, ಕಡಿಮೆ ಕೂಲಿ ಕೊಟ್ಟದ್ದಕ್ಕೆ ಸೆಕ್ಷನ್ 22ರ ಶಿಕ್ಷೆ ಆರು ತಿಂಗಳವರೆಗೆ ಸೆರೆ ಇಲ್ಲವೇ 500 ರೂಪಾಯಿವರೆಗೆ ದಂಡ. ತಿಂಗಳಿಗೆ ಲಕ್ಷಗಟ್ಟಲೆ ಉಳಿಸುವ ಕಾರ್ಖಾನೆಗೆ 500 ರೂಪಾಯಿ ಯಾವ ಲೆಕ್ಕ! ಮೂರನೆಯದು ಹೆದರಿಕೆ. ಲೈನ್‌ನಲ್ಲಿ ಹೆಸರು ಕೊಟ್ಟವಳಿಗೆ ಮರುದಿನ ಟಾರ್ಗೆಟ್ ಏರುತ್ತದೆ, ಕಷ್ಟದ ಆಪರೇಷನ್‌ಗೆ ಹಾಕುತ್ತಾರೆ, ರಜೆ ಸಿಗುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಸಂಘದ ಸದಸ್ಯತ್ವ ತೀರಾ ಕಡಿಮೆ. 2016ರ ಏಪ್ರಿಲ್ 18 ಮತ್ತು 19ರಂದು ಪಿಎಫ್ ವಾಪಸಾತಿಯ ನಿಯಮ ಬಿಗಿ ಮಾಡಿದ್ದಕ್ಕೆ ಸಾವಿರಾರು ಹೆಂಗಸರು ಹೊಸೂರು ರಸ್ತೆಗೆ ಇಳಿದಾಗ ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಹಿಂದೆ ಸರಿದಿತ್ತು. ಆ ಶಕ್ತಿ ಇದೆ. ದಿನನಿತ್ಯದ ದೂರು ಹೊರಲು ಬೇಕಾದ ಸಂಘಟನೆ ಇಲ್ಲ.

ಕಡೆಗೆ ಹಣ ಹೊರಟದ್ದು ಖರೀದಿದಾರರ ಒತ್ತಡದಿಂದ. ವಾಷಿಂಗ್ಟನ್‌ನ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಎಂಬ ಕಾರ್ಮಿಕ ಹಕ್ಕುಗಳ ಸಂಸ್ಥೆ ಮತ್ತು ಇಲ್ಲಿನ ಸಂಘಗಳು ಪ್ರತಿ ಕಾರ್ಖಾನೆಯ ಸಂಬಳ ಚೀಟಿಗಳನ್ನು ಅಧಿಸೂಚನೆಯ ದರದೊಂದಿಗೆ ತಾಳೆ ಹಾಕಿ, ಆ ಕಾರ್ಖಾನೆ ಯಾರಿಗೆ ಹೊಲಿಯುತ್ತದೆ ಎಂಬುದನ್ನು ಜೋಡಿಸಿ, ಬ್ರ್ಯಾಂಡ್‌ಗಳ ಮುಂದಿಟ್ಟವು. 2021ರ ಡಿಸೆಂಬರ್‌ನಲ್ಲಿ ವಿಷಯ ಬ್ರಿಟನ್ನಿನ ಪತ್ರಿಕೆಗಳಲ್ಲಿ ಬಂತು. 2022ರ ಆರಂಭದಲ್ಲಿ ರಾಜ್ಯದ ಅತಿ ದೊಡ್ಡ ರಫ್ತು ಸಂಸ್ಥೆ ಬಾಕಿ ಕೊಡುವುದಾಗಿ ಘೋಷಿಸಿತು. ಅದರ ಬೆನ್ನಿಗೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಹೈಕೋರ್ಟಿನ ಮಾತಿಗೆ ಮಣಿಯದ ಸಂಬಳ ಪಟ್ಟಿ ಆರ್ಡರ್ ತಪ್ಪುವ ಭಯಕ್ಕೆ ಮಣಿಯಿತು. ಕೆಲಸ ಮಾಡಿದ ಉಪಾಯ ಅದು, ಸರಿ. ಆದರೆ ರಫ್ತು ಮಾಡದ, ಒಳನಾಡಿನ ಮಾರುಕಟ್ಟೆಗೆ ಜಾಬ್‌ವರ್ಕ್ ಮಾಡುವ ಸಣ್ಣ ಘಟಕಗಳ ಕಾರ್ಮಿಕರಿಗೆ ಅಂಥ ಆಸರೆ ಯಾವುದೂ ಇಲ್ಲ. ಅವರಿಗೆ ಇರುವುದು ಇಲಾಖೆ ಮಾತ್ರ.

ಈ ನಡುವೆ ಕೆಲಸ ಬಿಟ್ಟವರದ್ದು ಬೇರೆಯೇ ಪಾಡು. ಗಾರ್ಮೆಂಟ್ಸ್‌ನಲ್ಲಿ ಜನ ಬಹಳ ಬೇಗ ಬದಲಾಗುತ್ತಾರೆ. ಕೋವಿಡ್ ಸಮಯದಲ್ಲಿ ಮುಚ್ಚಿದ ಘಟಕಗಳೂ ಇದ್ದವು. ಹಾಲಿ ಕೆಲಸಗಾರರ ಖಾತೆಗೆ ಬಾಕಿ ಹಾಕುವುದು ಒಂದು ಬಟನ್ನಿನ ಕೆಲಸ. ಬಿಟ್ಟವರಿಗೆ ಹಳೆಯ ಬ್ಯಾಂಕ್ ಖಾತೆ ನಿಂತುಹೋಗಿರುತ್ತದೆ, ಫೋನ್ ನಂಬರ್ ಬದಲಾಗಿರುತ್ತದೆ. ಗೇಟಿಗೆ ನೋಟಿಸ್ ಅಂಟಿಸಿದರೆ ಊರಿಗೆ ಮರಳಿದವಳಿಗೆ ಗೊತ್ತಾಗುವುದು ಹೇಗೆ? ಕೆಲಸ ಬದಲಾದರೂ ಬದಲಾಗದ ಪಿಎಫ್‌ನ ಯುಎಎನ್ ಸಂಖ್ಯೆಯ ಮೂಲಕ ಹುಡುಕುವುದೇ ನಂಬುವಂಥ ಮಾರ್ಗ.

ಮೂಲ ದರವೇ ಕೆಳಗಿದ್ದರೆ

ತುಟ್ಟಿಭತ್ಯೆ ಸರಿಯಾಗಿ ಬಂದರೂ ಅದು ಇದ್ದ ಜಾಗದಲ್ಲೇ ನಿಲ್ಲಿಸುತ್ತದೆ, ಮೇಲೆತ್ತುವುದಿಲ್ಲ. ಮೂಲ ದರಕ್ಕೆ ಅಳತೆಗೋಲು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರ: ಒಬ್ಬ ದುಡಿಯುವವರಿಗೆ ಮೂರು ಬಳಕೆ ಘಟಕ (ಒಬ್ಬ ವಯಸ್ಕರ ಬಳಕೆ ಒಂದು ಘಟಕ), ತಲಾ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ-ದೀಪ ಇತ್ಯಾದಿಗೆ ಶೇ 20. ಸುಪ್ರೀಂ ಕೋರ್ಟ್ 1991ರ ರಾಪ್ಟಕೋಸ್ ಬ್ರೆಟ್ ತೀರ್ಪಿನಲ್ಲಿ ಮಕ್ಕಳ ಓದು, ಔಷಧಿ, ಹಬ್ಬ-ಮದುವೆ, ಮುಪ್ಪಿಗೆಂದು ಇನ್ನೂ ಶೇ 25 ಸೇರಿಸಿತು. ಮಾಲೀಕರಿಗೆ ಕೊಡುವ ತಾಕತ್ತಿದೆಯೇ ಎಂಬುದು ಕನಿಷ್ಠ ವೇತನದ ಪ್ರಶ್ನೆಯಲ್ಲಿ ಬರುವುದೇ ಇಲ್ಲ ಎಂಬುದು 1961ರ ಉನಿಚೋಯಿ ಪ್ರಕರಣದಷ್ಟು ಹಳೆಯ ಮಾತು.

ಟೈಲರಿಂಗ್ ಉದ್ಯಮಕ್ಕೆ ಈ ಸೂತ್ರ ಪೂರ್ತಿ ಇಳಿದದ್ದಿಲ್ಲ. 2018ರ ಫೆಬ್ರವರಿಯಲ್ಲಿ ಹೆಚ್ಚಳದ ಕರಡು ಹೊರಟು, ಮಾರ್ಚ್‌ನಲ್ಲಿ ಹಿಂದಕ್ಕೆ ಹೋಯಿತು. 2025ರ ಏಪ್ರಿಲ್‌ನಲ್ಲಿ ಇನ್ನೊಂದು ಕರಡು ಬಂತು. ಉದ್ಯೋಗಕ್ಕೊಂದು ದರ ಎಂಬುದನ್ನು ಬಿಟ್ಟು ಎಲ್ಲ ಉದ್ಯೋಗಗಳಿಗೂ ಒಂದೇ ಪಟ್ಟಿ. ಬೆಂಗಳೂರು ಒಳಗೊಂಡ ಮೊದಲ ವಲಯದಲ್ಲಿ ಅಕುಶಲ ಕೆಲಸಕ್ಕೆ ತಿಂಗಳಿಗೆ 23,376 ರೂಪಾಯಿ, ಮೂರನೇ ವಲಯದಲ್ಲಿ 19,319 ರೂಪಾಯಿ ಎಂದು ಅದರಲ್ಲಿತ್ತು. ರಾಪ್ಟಕೋಸ್ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿದರೆ ಅಂಕಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಗಾರ್ಮೆಂಟ್ಸ್‌ನಲ್ಲಿ ಇಷ್ಟು ವರ್ಷ ಕೊಡುತ್ತಾ ಬಂದದ್ದು ಅದರ ಅರ್ಧದ ಆಸುಪಾಸು.

ಸೇವೆಗಳ ಪಾಲು

2023ರ ಜೂನ್ 11ರಂದು, ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ಅದಕ್ಕೆ ಮೊದಲು ಬಿಎಂಟಿಸಿ ಸಾಮಾನ್ಯ ಬಸ್ಸಿನ ತಿಂಗಳ ಪಾಸು 1,050 ರೂಪಾಯಿ. ಪಾಸು ಮಾಡಿಸುತ್ತಿದ್ದವಳ ಕೈಯಲ್ಲಿ ಆ ಜೂನ್‌ನಿಂದ ಉಳಿದದ್ದು, ಎರಡು ವರ್ಷ ಹೋರಾಡಿ ಪಡೆದ ತುಟ್ಟಿಭತ್ಯೆಯ ಎರಡೂವರೆ ಪಟ್ಟು! ಅದರಲ್ಲಿ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಡಿತವಿಲ್ಲ, ಸೂಪರ್‌ವೈಸರ್ ಸಹಿ ಬೇಡ, ಮಾಲೀಕರು ತಡೆಹಿಡಿಯಲಾರರು. ಕಡಿಮೆ ಸಂಬಳದವರಿಗೆ ಸಾರ್ವಜನಿಕ ಸೇವೆ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಸಿಗದು. ದೂರದ ಇನ್ನೊಂದು ಕಾರ್ಖಾನೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಅಲ್ಲಿಗೆ ಹೋಗುವ ಸ್ವಾತಂತ್ರ್ಯವೂ ಅದರ ಜೊತೆ ಬರುತ್ತದೆ. ಬಸ್ ಚಾರ್ಜು ಆ ನೂರನ್ನು ನುಂಗುವುದಿಲ್ಲ.

ಆದರೆ ಸೇವೆ ಎಲ್ಲಿ ಸೋರುತ್ತದೆ ಎಂಬುದನ್ನೂ ನೋಡಬೇಕು.

ಬಸ್ಸಿಗೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಒಡಿಶಾ, ಜಾರ್ಖಂಡ್‌ನಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರು ಅದೇ ಲೈನ್‌ನಲ್ಲಿ ಅದೇ ಸಂಬಳಕ್ಕೆ ಹೊಲಿದರೂ ಟಿಕೆಟ್‌ಗೆ ದುಡ್ಡು ಕೊಡಬೇಕು. 2025ರ ಜನವರಿಯಲ್ಲಿ ದರ ಶೇ 15 ಏರಿದ ಭಾರವೂ ಅವರದ್ದೇ. ಪಡಿತರದಲ್ಲೂ ಹಾಗೆಯೇ. ‘ಒಂದು ದೇಶ ಒಂದು ಪಡಿತರ ಚೀಟಿ’ಯಲ್ಲಿ ಅವರಿಗೆ ಕೇಂದ್ರದ ಪಾಲು ಸಿಗಬಹುದು, ರಾಜ್ಯದ ಅನ್ನಭಾಗ್ಯದ ಹೆಚ್ಚುವರಿ ಪಾಲು ಅವರಿಗಿಲ್ಲ. ಬೆಳಿಗ್ಗೆ ಬಸ್ಸು ತಪ್ಪಿ ಹತ್ತು ನಿಮಿಷ ತಡವಾದರೆ ಅರ್ಧ ಗಂಟೆಯ, ಕೆಲವು ಕಡೆ ಅರ್ಧ ದಿನದ ಸಂಬಳ ಹಿಡಿಯುವ ರೂಢಿಯಿದೆ. ಕಾನೂನಿನ ಪ್ರಕಾರ ತಪ್ಪಿದ ಹೊತ್ತಿನ ಪ್ರಮಾಣಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಉಚಿತ ಬಸ್ಸು ಶಿಫ್ಟಿನ ಹೊತ್ತಿಗೆ ಸಾಕಷ್ಟು ಓಡದಿದ್ದರೆ ಉಳಿತಾಯ ಈ ಕಡಿತಕ್ಕೇ ಹೋಗುತ್ತದೆ.

ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವರಿಗೆ. ಊರಿನ ಚೀಟಿಯಲ್ಲಿ ಯಜಮಾನಿ ಅತ್ತೆಯಾಗಿದ್ದರೆ ಬೆಂಗಳೂರಿನಲ್ಲಿ ಬಾಡಿಗೆ ಕಟ್ಟುವ ಸೊಸೆಗೆ ಅದು ತಲುಪುವುದಿಲ್ಲ. ಉಚಿತ ವಿದ್ಯುತ್ತಿನ ಗೃಹಜ್ಯೋತಿಯ 200 ಯೂನಿಟ್ ಮಿತಿ ಮೀಟರಿಗೆ, ಅಂದರೆ ಆರ್.ಆರ್. ಸಂಖ್ಯೆಗೆ. ಆರು ಕೋಣೆಗೆ ಒಂದೇ ಮೀಟರಿರುವ ವಠಾರದಲ್ಲಿ ಆ ಮಿತಿ ಮೀರಿ, ಓನರ್ ಹೇಳಿದ ದರವನ್ನೇ ತೆರಬೇಕಾಗುತ್ತದೆ.

ಇವೆಲ್ಲಕ್ಕಿಂತ ಬಿಗಿಯಾದ ಗಂಟು ಆದಾಯ ಮಿತಿಗಳದ್ದು. ರಾಜ್ಯದಲ್ಲಿ ಬಿಪಿಎಲ್ ಚೀಟಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು. ಅಂದರೆ ತಿಂಗಳಿಗೆ ಹತ್ತು ಸಾವಿರ. ಈಗ ಕಾನೂನುಬದ್ಧ ಕನಿಷ್ಠ ವೇತನ ಪಡೆಯುವ ಒಬ್ಬ ಟೈಲರ್‌ನ ಸಂಬಳವೇ ಅದನ್ನು ದಾಟುತ್ತದೆ. ಇಎಸ್‌ಐ ಮಿತಿ 21,000. ಕರಡಿನ 23,376 ಜಾರಿಗೆ ಬಂದರೆ ಬೆಂಗಳೂರಿನ ಅತಿ ಕಡಿಮೆ ಸಂಬಳದ ಹೆಲ್ಪರ್ ಕೂಡ, ಆ ವಂತಿಗೆ ಅವಧಿ ಮುಗಿದ ಮೇಲೆ, ಇಎಸ್‌ಐ ಆಸ್ಪತ್ರೆ ಮತ್ತು ಹೆರಿಗೆ ಭತ್ಯೆಯಿಂದ ಹೊರಬೀಳುತ್ತಾಳೆ. ವೇತನ ಏರಿಸುವವರು ಒಂದು ಇಲಾಖೆ, ಮಿತಿ ಇಡುವವರು ಇನ್ನೊಂದು. ಇಎಸ್‌ಐ ಅಂತೂ ಕೇಂದ್ರದ್ದು. ವೇತನದ ಅಧಿಸೂಚನೆ ಹೊರಡುವ ದಿನವೇ ಈ ಎರಡೂ ಮಿತಿಗಳನ್ನು ಏರಿಸದಿದ್ದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದಂತೆಯೇ.

ಮಗು ನೋಡಿಕೊಳ್ಳುವ ವಿಷಯಕ್ಕೆ ಬಂದರೆ, ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ, ಕಾರ್ಖಾನೆ ಬಿಡುವುದು ಐದೂವರೆಯ ಮೇಲೆ. ಫ್ಯಾಕ್ಟರಿ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಶಿಶುಪಾಲನಾ ಕೊಠಡಿ ಇರಬೇಕಿತ್ತು. ತುಂಬಿದ ಬಸ್ಸಿನಲ್ಲಿ ಎಳೆಗೂಸನ್ನು ಹೊತ್ತು ಬರಲಾಗದೆ ಅಲ್ಲಿಗೆ ಬಿಡದವರೇ ಹೆಚ್ಚು. ಹಾಗೆಂದು ಅಂಗನವಾಡಿಯ ಹೊತ್ತು ಹೆಚ್ಚಿಸುವ ಭಾರವನ್ನು ಅಲ್ಲಿನ ಕಾರ್ಯಕರ್ತೆಯ ಹೆಗಲಿಗೆ ಹಾಕಿ ಸುಮ್ಮನಿರುವಂತಿಲ್ಲ. ಆಕೆಗೆ ಬರುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಆಕೆ ಅರ್ಹಳು ಎನ್ನಿಸಿಕೊಳ್ಳಲು 2022ರ ಸುಪ್ರೀಂ ಕೋರ್ಟ್ ತೀರ್ಪೇ ಬೇಕಾಯಿತು.

ಈಗಿನ ಕಾನೂನಿನಡಿ ಮಾಡಬೇಕಾದದ್ದು

2025ರ ನವೆಂಬರ್ 21ರಿಂದ ವೇತನ ಸಂಹಿತೆ 2019 ಜಾರಿಗೆ ಬಂದಿದೆ. ಇದೇ ಪ್ರಕರಣ ಇನ್ನು ಮುಂದೆ ನಡೆದರೆ ಮೂರು ವಿಷಯ ಕಾರ್ಮಿಕರ ಕಡೆಗಿವೆ: ಕ್ಲೇಮಿಗೆ ಮೂರು ವರ್ಷದ ಅವಕಾಶ, ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರ ಮೇಲೆ, ದಂಡ 50,000 ರೂಪಾಯಿವರೆಗೆ. ಒಂದು ವಿಷಯ ಎದುರಿಗಿದೆ. ಮೊದಲ ಸಲದ ತಪ್ಪಿಗೆ ಮೊಕದ್ದಮೆ ಹೂಡುವ ಮೊದಲು ಸರಿಪಡಿಸಿಕೊಳ್ಳಲು ಅವಕಾಶ ಕೊಡಬೇಕೆಂಬ ನಿಯಮ. ಅಲ್ಲಿಯವರೆಗೆ ಕೊಡದೆ ಉಳಿಸಿಕೊಳ್ಳುವುದೇ ಲಾಭ ಎಂಬ ಲೆಕ್ಕಕ್ಕೆ ಇದು ದಾರಿ ಮಾಡಿಕೊಡುತ್ತದೆ. ಆದ್ದರಿಂದ ಹತ್ತು ಪಟ್ಟು ಪರಿಹಾರದ ಅಧಿಕಾರವನ್ನು ಪ್ರಾಧಿಕಾರಗಳು ನಿಜವಾಗಿ ಬಳಸುವುದು ಅಗತ್ಯ. ಬರೀ ಬಾಕಿ ಕೊಡಿಸಿ ಕಡತ ಮುಚ್ಚಿದರೆ ಮಾಲೀಕರ ಪಾಲಿಗೆ ಅದು ಬಡ್ಡಿಯಿಲ್ಲದ ಸಾಲವಾಗುತ್ತದೆ.

ಸಂಘದವರು, ಕಾನೂನು ನೆರವಿನವರು ಪ್ರತಿ ವರ್ಷ ಮೇ ತಿಂಗಳಲ್ಲಿ ಏಪ್ರಿಲ್‌ನ ಸಂಬಳ ಬಟವಾಡೆ ಆದ ಕೂಡಲೇ ಈ ತಾಳೆ ನೋಡಬೇಕು. ಮಾರ್ಚ್ ಮತ್ತು ಏಪ್ರಿಲ್‌ನ ಸಂಬಳ ಚೀಟಿ ಪಕ್ಕಪಕ್ಕ ಇಟ್ಟು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಸಾಲುಗಳನ್ನು ಬೇರೆಬೇರೆ ನೋಡಿ. ಒಟ್ಟು ಮೊತ್ತ ಏರಿದ್ದು ಸಾಲದು. ಹಾಜರಿ ಬೋನಸ್ ಅಥವಾ ಬೇರೆ ಭತ್ಯೆಯನ್ನು ಕಡಿಮೆ ಮಾಡಿ ತುಟ್ಟಿಭತ್ಯೆಯ ಸಾಲನ್ನು ತುಂಬಿರಬಹುದು. ನಂತರ ಆ ವರ್ಷದ ಅಧಿಸೂಚನೆಯ ದರದ ಜೊತೆಗೆ ಹೋಲಿಸಿ, ಹಿಂದಿನ ವರ್ಷದ ಜೊತೆಗಲ್ಲ. 2021ರಲ್ಲಿ ಹಿಂದಿನ ವರ್ಷದ ಜೊತೆ ಹೋಲಿಸಿದವರಿಗೆ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಹುದ್ದೆಯ ಹೆಸರನ್ನೂ ನೋಡಿ. ಮೆಷಿನ್ ಮೇಲೆ ಕೂತು ಹೊಲಿಯುವವಳನ್ನು ಚೀಟಿಯಲ್ಲಿ ಹೆಲ್ಪರ್ ಎಂದೇ ಬರೆದಿಟ್ಟರೆ ದರ ಸರಿಯಿದ್ದೂ ವೇತನ ಕಡಿಮೆಯಾಗುತ್ತದೆ. ಚೀಟಿ ಕೊಡದ ಕಡೆ ಬ್ಯಾಂಕ್ ಪಾಸ್‌ಬುಕ್ ಮತ್ತು ಪಿಎಫ್ ಪಾಸ್‌ಬುಕ್ ಸಾಕು. ಪಿಎಫ್‌ಗೆ ಹೋದ ಕಾರ್ಮಿಕರ ಪಾಲನ್ನು 0.12ರಿಂದ ಭಾಗಿಸಿದರೆ ಕಾರ್ಖಾನೆ ಒಪ್ಪಿಕೊಂಡಿರುವ ವೇತನ ಎಷ್ಟೆಂದು ತಿಳಿಯುತ್ತದೆ. ಕೆಲಸ ಬಿಡುವವರ ಯುಎಎನ್, ಊರಿನ ವಿಳಾಸ, ಮನೆಯವರ ಒಂದು ಫೋನ್ ನಂಬರ್ ಬರೆದಿಟ್ಟುಕೊಳ್ಳುವುದು ಕಡೆಯ ಕೆಲಸ.